ಗದ್ದೆ ಕೊಟ್ಟಿದ್ದು ತುರ್ತು ಪರಿಸ್ಥಿತಿಯಲ್ಲ

ಆನಂದಪುರ, ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ತುರ್ತು ಪರಿಸ್ಥಿತಿಯ ಮಾತು ಎತ್ತಿದರೆ ದೇಶದ ಬೇರೆ ಕಡೆ ಅಷ್ಟಾಗಿ ಕೇಳಿಸದ ಒಂದು ಸಮರ್ಥನೆ ಇಲ್ಲಿ ಕೇಳಿಸುತ್ತದೆ. ದಿಲ್ಲಿಯಲ್ಲಿ ಏನಾದರೂ ಆಗಿರಲಿ, ನಮ್ಮ ಕಡೆ ಗೇಣಿ ಮಾಡುತ್ತಿದ್ದವನ ಹೆಸರಿಗೆ ಗದ್ದೆ ಬಂದಿದ್ದು ಅದೇ ಕಾಲದಲ್ಲಿ. ಇಂದಿರಾ ಗಾಂಧಿ ಬಿಗಿ ಮಾಡಿದ್ದಕ್ಕೇ ಒಡೆಯರು ಬಾಯಿ ಮುಚ್ಚಿಕೊಂಡರು. ಮಾಮೂಲಿ ರಾಜಕೀಯಕ್ಕೆ ಬಿಟ್ಟಿದ್ದರೆ ಇನ್ನೂ ಐವತ್ತು ವರ್ಷ ಕಾಯಬೇಕಿತ್ತು ಎನ್ನುವುದು ಅದರ ಸಾರಾಂಶ. ಇದನ್ನು ಹೇಳುವವರು ಸರ್ವಾಧಿಕಾರದ ಭಕ್ತರೇನಲ್ಲ. ಅಪ್ಪನೋ ಅಜ್ಜನೋ ಕಣದಲ್ಲಿ ಕೈಕಟ್ಟಿ ನಿಂತಿದ್ದನ್ನು ಕೇಳಿ ಬೆಳೆದವರು, ಆ ಕುಟುಂಬದ ಕೈಗೆ ಪಹಣಿ ಬಂದ ದಿನವನ್ನು ಹಬ್ಬದಂತೆ ನೆನೆಯುವವರು. ಹಾಗಾಗಿ ಈ ವಾದವನ್ನು ಮೂಗುಮುರಿದು ತಳ್ಳಿಹಾಕುವುದು ಸರಿಯಲ್ಲ. ಆದರೆ ಇದು ತಪ್ಪು ವಾದ. ಐವತ್ತು ವರ್ಷದ ಹಿಂದಿನ ಲೆಕ್ಕವಲ್ಲವೇ ಎಂದು ಸುಮ್ಮನಿರುವಂತೆಯೂ ಇಲ್ಲ. ಒಬ್ಬ ಗಟ್ಟಿಗ ಬಂದು ಎಲ್ಲರನ್ನೂ ಸುಮ್ಮನಾಗಿಸಿದರೆ ಬಡವನ ಕೆಲಸ ಆಗುತ್ತದೆ ಎಂಬ ಈಗಿನ ನಂಬಿಕೆಗೆ ಮಲೆನಾಡಿನಲ್ಲಿ ಸಿಗುವ ದೊಡ್ಡ ಸಾಕ್ಷಿ ಇದೊಂದೇ.

ಮೊದಲು ತಾರೀಖುಗಳನ್ನು ನೋಡೋಣ. ಗೇಣಿ ಪದ್ಧತಿಯನ್ನೇ ರದ್ದು ಮಾಡಿ, ಗೇಣಿಯಲ್ಲಿದ್ದ ಭೂಮಿ ಸರ್ಕಾರಕ್ಕೆ ಸೇರಿ ಅಲ್ಲಿಂದ ಉಳುವವನಿಗೆ ಹೋಗಬೇಕೆಂದು ಹೇಳಿದ ಭೂಸುಧಾರಣಾ ತಿದ್ದುಪಡಿ ಕಾಯ್ದೆ ಜಾರಿಗೆ ಬಂದಿದ್ದು 1974ರ ಮಾರ್ಚ್ 1ರಂದು. ತುರ್ತು ಪರಿಸ್ಥಿತಿ ಘೋಷಣೆಯಾಗಿದ್ದು 1975ರ ಜೂನ್ 25ರ ರಾತ್ರಿ. ನಡುವೆ ಸುಮಾರು ಹದಿನಾರು ತಿಂಗಳ ಅಂತರವಿದೆ. ಆ ಮಸೂದೆ ಹುಟ್ಟಿದ್ದು ಪತ್ರಿಕೆಗಳ ಮೇಲೆ ಸೆನ್ಸಾರ್ ಇಲ್ಲದ, ವಿರೋಧ ಪಕ್ಷದವರು ವಿಧಾನಸಭೆಯಲ್ಲಿ ಗಂಟಲು ಹರಿಯುವಂತೆ ಕೂಗಾಡುತ್ತಿದ್ದ ಕಾಲದಲ್ಲಿ. 1972ರಲ್ಲಿ ಭಾರಿ ಬಹುಮತದಿಂದ ಗೆದ್ದು ಬಂದ ದೇವರಾಜ ಅರಸು ಸರ್ಕಾರ ಅದನ್ನು ತಂದಿತು. ಅದೇ ಸದನದಲ್ಲಿ ಮಲೆನಾಡಿನಿಂದ ಆರಿಸಿ ಬಂದ ಸಮಾಜವಾದಿಗಳಾದ ಕಾಗೋಡು ತಿಮ್ಮಪ್ಪ, ಕೋಣಂದೂರು ಲಿಂಗಪ್ಪ, ಎಸ್. ಬಂಗಾರಪ್ಪ ಕೂತಿದ್ದರು. ಅರಸು ಅವರಿಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಆದರೆ ಅವರಿಗೆ ಆ ಕಾಯ್ದೆ ತರುವ ಬಲ ಕೊಟ್ಟಿದ್ದು ಚುನಾವಣೆ. ಸಂವಿಧಾನದ ಹಕ್ಕುಗಳನ್ನು ಅಮಾನತಿನಲ್ಲಿಟ್ಟ ಆದೇಶ ಆಗಿನ್ನೂ ಹುಟ್ಟಿಯೇ ಇರಲಿಲ್ಲ.

ಆ ಚುನಾವಣೆಗೂ ಹಿಂದೆ ಹೋದರೆ ಕಾಗೋಡು ಸಿಗುತ್ತದೆ. 1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ ಶುರುವಾದ ಸತ್ಯಾಗ್ರಹದ ಬೇರು ಒಂದು ಕೊಳಗದಲ್ಲಿತ್ತು. ಗೇಣಿ ಭತ್ತ ಅಳೆದುಕೊಳ್ಳಲು ಒಡೆಯರು ಬಳಸುತ್ತಿದ್ದ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದು. ನೋಡಲು ಸಣ್ಣ ವ್ಯತ್ಯಾಸ. ಆದರೆ ಖಂಡುಗದ ಲೆಕ್ಕದಲ್ಲಿ ಅಳೆಯುತ್ತ ಹೋದಾಗ ಆ ವ್ಯತ್ಯಾಸವೇ ಒಂದು ಸಂಸಾರದ ಮಳೆಗಾಲದ ಅನ್ನ. ಕಣದಲ್ಲಿ ರಾಶಿಯ ಮುಂದೆ ಒಡೆಯನ ಕಡೆಯವನು ಕೊಳಗ ಹಿಡಿದು ಕೂತಿರುವಾಗ, ವರ್ಷವೆಲ್ಲ ದುಡಿದವನು ಎದುರಿಗೆ ನಿಂತು ಎಣಿಕೆ ಕೇಳಿಸಿಕೊಳ್ಳಬೇಕು. ಅಳತೆ ಹೆಚ್ಚಾಯಿತು ಎಂದು ಬಾಯಿಬಿಟ್ಟರೆ ಮುಂದಿನ ವರ್ಷ ಆ ಗದ್ದೆ ಬೇರೆಯವನಿಗೆ. ಇದರ ಜೊತೆಗೆ ಬಿಟ್ಟಿ ಚಾಕರಿ, ಒಡೆಯನ ಎದುರು ಹೇಗೆ ನಿಲ್ಲಬೇಕು, ಪಂಚೆ ಎಲ್ಲಿಯವರೆಗೆ ಇಳಿಬಿಡಬಹುದು ಎಂಬ ಕಟ್ಟಳೆಗಳು. ಸರ್ವಾಧಿಕಾರ ಎಂದರೇನು ಎಂದು ಇಲ್ಲಿ ಗೇಣಿ ಮಾಡುತ್ತಿದ್ದ ದೀವರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಎಚ್. ಗಣಪತಿಯಪ್ಪನವರು 1948ರಲ್ಲಿ ಕಟ್ಟಿದ ಸಾಗರ ತಾಲ್ಲೂಕು ರೈತ ಸಂಘ ಈ ಕೊಳಗದ ಪ್ರಶ್ನೆಯನ್ನು ಬಹಿರಂಗವಾಗಿ ಕೇಳಿತು. ಒಡೆಯರು ಗದ್ದೆ ಬಿಡಿಸಿದರು. ರೈತರು ತಂಡತಂಡವಾಗಿ ನೇಗಿಲು ಹೊತ್ತು ಅದೇ ಗದ್ದೆಗೆ ಇಳಿದರು, ಪೊಲೀಸರು ಹಿಡಿದುಕೊಂಡು ಹೋದರು, ಮರುದಿನ ಇನ್ನೊಂದು ತಂಡ ಇಳಿಯಿತು. ತೀರ್ಥಹಳ್ಳಿಯ ಆರಗದ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಬಂಧಿಸಲಾಯಿತು.

ಕಾಗೋಡಿನವರಿಗೆ ಆಗ ಕೈಗೆ ಸಿಕ್ಕ ಆಯುಧಗಳು ಯಾವುವು ಎಂದು ಪಟ್ಟಿ ಮಾಡಿದರೆ ನನ್ನ ವಾದದ ಅರ್ಧ ಅಲ್ಲೇ ಮುಗಿಯುತ್ತದೆ. ಸಂಘ ಕಟ್ಟುವುದು, ಸಭೆ ಸೇರುವುದು, ಜಾಥಾ ಹೋಗುವುದು, ಕರಪತ್ರ ಹಂಚುವುದು, ಕಾನೂನು ಮುರಿದು ಜೈಲಿಗೆ ಹೋಗಿ ಹೊರಗೆ ಬಂದು ಮತ್ತೆ ಭಾಷಣ ಮಾಡುವುದು, ಹೊರಗಿನ ನಾಯಕನೊಬ್ಬ ರೈಲು ಹತ್ತಿ ಬಂದು ಇಲ್ಲಿಯ ಸುದ್ದಿಯನ್ನು ದೇಶಕ್ಕೆ ಮುಟ್ಟಿಸುವುದು, ಮರುವರ್ಷ ಮತ ಹಾಕುವುದು. 1975ರ ಜೂನ್ ನಂತರ ಇವೆಲ್ಲವನ್ನೂ ವಿಚಾರಣೆಯಿಲ್ಲದೆ ಬಂಧಿಸುವ ಮಿಸಾ ಕಾನೂನು ಮತ್ತು ಸೆನ್ಸಾರ್ ಕಿತ್ತುಕೊಂಡವು. ಲೋಕಸಭೆಯ ಅವಧಿಯನ್ನೇ ವಿಸ್ತರಿಸಲಾಯಿತು. 1951ರಲ್ಲಿ ಅಂಥ ಆಡಳಿತವಿದ್ದಿದ್ದರೆ ಕಾಗೋಡಿನ ಗಲಾಟೆ ಸಾಗರದ ಪೊಲೀಸ್ ಠಾಣೆಯ ಡೈರಿಯಲ್ಲಿ ಒಂದು ಸಾಲಾಗಿ ಮುಗಿಯುತ್ತಿತ್ತು.

ಹಾಗೆಂದು ಚುನಾವಣಾ ರಾಜಕೀಯ ಗೇಣಿದಾರನನ್ನು ಹೊತ್ತು ಮೆರೆಸಿತು ಎಂದು ಹೇಳಲು ಬಾಯಿ ಬರುವುದಿಲ್ಲ. ಕಾಗೋಡು ಸತ್ಯಾಗ್ರಹ ತಕ್ಷಣಕ್ಕೆ ಗೆಲ್ಲಲಿಲ್ಲ. 1952ರ ಚುನಾವಣೆಯ ಫಲಿತಾಂಶವನ್ನು ಎರಡು ಕಡೆಯಿಂದಲೂ ಓದಬೇಕು. ಸಾಗರ–ಹೊಸನಗರ ವಿಧಾನಸಭಾ ಕ್ಷೇತ್ರದಲ್ಲಿ ಕೈಯಲ್ಲಿ ಕಾಸಿಲ್ಲದ ಗೋಪಾಲಗೌಡರು ಕಾಂಗ್ರೆಸ್ಸಿನ ಎ.ಆರ್. ಬದರಿನಾರಾಯಣ ಅವರನ್ನು ಸೋಲಿಸಿದರು; ಅದೇ ಚುನಾವಣೆಯಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋದವರು ಕಾಗೋಡಿನ ಒಡೆಯರಾದ ಕೆ.ಜಿ. ಒಡೆಯರ್, ಅದೂ ಕಾಂಗ್ರೆಸ್ ಟಿಕೆಟ್ಟಿನಲ್ಲಿ. 1957ರಲ್ಲಿ ಮತ್ತೆ ಅವರೇ ಗೆದ್ದರು. ಬಿ.ಡಿ. ಜತ್ತಿ ಸಮಿತಿಯ ವರದಿ ಆಧರಿಸಿ ಬಂದ 1961ರ ಭೂಸುಧಾರಣಾ ಕಾಯ್ದೆ ಜಾರಿಯಾಗಲು 1965ರ ಅಕ್ಟೋಬರ್ ಆಯಿತು, ಅದರಲ್ಲೂ ಸ್ವಂತ ಸಾಗುವಳಿಯ ನೆಪದಲ್ಲಿ ಭೂಮಿ ವಾಪಸು ಪಡೆಯಲು ಒಡೆಯರಿಗೆ ದಾರಿ ಬಿಡಲಾಗಿತ್ತು. ಆ ದಾರಿಯಲ್ಲಿ ಎಷ್ಟೋ ಗೇಣಿದಾರರು ಗದ್ದೆ ಕಳೆದುಕೊಂಡರು. ಕಾಗೋಡಿನಿಂದ 1974ರವರೆಗೆ ಇಪ್ಪತ್ತಮೂರು ವರ್ಷ ಹಿಡಿಯಿತು. ಗೋಪಾಲಗೌಡರು 1972ರ ಜೂನ್‌ನಲ್ಲಿ ಆ ಕಾಯ್ದೆ ನೋಡದೆಯೇ ತೀರಿಕೊಂಡರು. ಆದರೆ ತಡ ಮಾಡಿಸಿದವರು ಯಾರು? ಅಧಿಕಾರದ ಒಳಗೇ ಕೂತಿದ್ದ ಭೂಮಾಲೀಕರು. ಅವರನ್ನು ಅಲ್ಲಿಂದ ಎಬ್ಬಿಸಲು ಇದ್ದ ಉಪಾಯ ಮತಪೆಟ್ಟಿಗೆ ಒಂದೇ, ಅದು ನಿಧಾನವಾಗಿಯಾದರೂ ಆ ಕೆಲಸ ಮಾಡುತ್ತಿತ್ತು.

ಇನ್ನು ಕಾಯ್ದೆ ಕೆಲಸ ಮಾಡಿದ ರೀತಿ. ಮಲೆನಾಡಿನವರು ಅದನ್ನು ಡಿಕ್ಲರೇಶನ್ ಹಾಕುವುದು ಎನ್ನುತ್ತಿದ್ದರು. ಕಾಗದದ ಮೇಲೆ ಅದು ಫಾರಂ ನಂಬರ್ 7. ಸರ್ವೆ ನಂಬರ್, ವಿಸ್ತೀರ್ಣ, ಒಡೆಯನ ಹೆಸರು, ಎಷ್ಟು ಕಾಲದಿಂದ ಗೇಣಿ ಎಂಬುದನ್ನು ಬರೆದು ತಾಲ್ಲೂಕು ಕಚೇರಿಗೆ ಕೊಡಬೇಕು. ಪ್ರತಿ ತಾಲ್ಲೂಕಿಗೊಂದು ಭೂನ್ಯಾಯ ಮಂಡಳಿ, ಅದಕ್ಕೆ ಉಪವಿಭಾಗಾಧಿಕಾರಿ ಅಧ್ಯಕ್ಷರು, ಉಳಿದವರು ಸರ್ಕಾರ ನೇಮಿಸಿದ ಸ್ಥಳೀಯ ಸದಸ್ಯರು. ವಕೀಲರಿಗೆ ಒಳಗೆ ಜಾಗವಿರಲಿಲ್ಲ. ಇದರಿಂದ ಬಡವನಿಗೆ ಅನುಕೂಲವೇ ಆಯಿತು. ಆದರೆ ಹೆಚ್ಚಿನ ಗೇಣಿ ಬಾಯಿಮಾತಿನದು. ರಶೀದಿಯಿಲ್ಲ, ಗೇಣಿಚೀಟಿಯಿಲ್ಲ, ಪಹಣಿಯ ಸಾಗುವಳಿ ಕಾಲಂನಲ್ಲಿ ಒಡೆಯನದೇ ಹೆಸರು. ಅಂಥ ಅರ್ಜಿ ನಿಲ್ಲುವುದು ಪಕ್ಕದ ಗದ್ದೆಯವನ ಹೇಳಿಕೆಯ ಮೇಲೆ. ಒಡೆಯ ಅಲ್ಲೇ ಬೆಂಚಿನ ಮೇಲೆ ಕೂತಿರುವಾಗ, ಈ ಗದ್ದೆ ಉಳುತ್ತಿದ್ದವನು ಇವನೇ, ಇವನಪ್ಪನೂ ಇದನ್ನೇ ಉಳುತ್ತಿದ್ದ ಎಂದು ನೆರೆಯವನು ಹೇಳಬೇಕು. ನಾಳೆ ಅವನಿಗೂ ಅದೇ ಒಡೆಯನ ಕಾಡಿನ ಸೊಪ್ಪು ಬೇಕು, ಅದೇ ಒಡೆಯನ ಸಾಲ ಬೇಕು. ಹೀಗಿದ್ದೂ ಹೇಳುವ ಎದೆಗಾರಿಕೆ ಯಾವ ಸರ್ಕಾರಿ ಆದೇಶದಿಂದಲೂ ಬರುವುದಿಲ್ಲ. ಸಂಘದ ಸಭೆಗಳಲ್ಲಿ, ಜೈಲಿನಲ್ಲಿ, ಸೋತ ಗೆದ್ದ ಚುನಾವಣೆಗಳಲ್ಲಿ ಎರಡು ತಲೆಮಾರು ಕಲಿತದ್ದು ಅದು. ಅರ್ಜಿ ಹಾಕುವವನೂ ಸಾಕ್ಷಿ ಹೇಳುವವನೂ ಹೆದರದಿದ್ದರೆ ಮಾತ್ರ ನಡೆಯುವ ಕಾಯ್ದೆಯನ್ನು, ಜನರ ಹೆದರಿಕೆಯ ಮೇಲೆ ನಿಂತ ಆಡಳಿತದ ಖಾತೆಗೆ ಬರೆಯುವುದು ವಿಚಿತ್ರ.

ಇಲ್ಲಿ ಗಟ್ಟಿಯಾದ ಆಕ್ಷೇಪ ಒಂದಿದೆ. ಕಾಯ್ದೆ 1974ರದ್ದಾದರೂ ಮಂಡಳಿಗಳು ಬಿರುಸಾಗಿ ತೀರ್ಪು ಕೊಟ್ಟಿದ್ದು ತುರ್ತು ಪರಿಸ್ಥಿತಿಯ ತಿಂಗಳುಗಳಲ್ಲಿ, ಇಂದಿರಾ ಗಾಂಧಿಯವರ ಇಪ್ಪತ್ತು ಅಂಶಗಳ ಕಾರ್ಯಕ್ರಮದ ಒತ್ತಡವಿಲ್ಲದಿದ್ದರೆ ಅಧಿಕಾರಿಗಳು ಕಡತದ ಮೇಲೆ ಕೂತುಬಿಡುತ್ತಿದ್ದರು ಎಂಬುದು. ಒತ್ತಡವಿತ್ತು, ನಿಜ. ಸಾಲ ಪರಿಹಾರ, ಜೀತ ವಿಮೋಚನೆಯ ಕಾನೂನುಗಳೂ ಆ ದಿನಗಳಲ್ಲೇ ಬಂದವು. ಆದರೆ ವೇಗದ ಇನ್ನೊಂದು ಮುಖವನ್ನೂ ನೋಡಬೇಕು. ಮಂಡಳಿಯ ತೀರ್ಪಿನ ಮೇಲೆ ಮೇಲ್ಮನವಿಯಿರಲಿಲ್ಲ, ಹೈಕೋರ್ಟಿಗೆ ರಿಟ್ ಹಾಕುವುದೊಂದೇ ದಾರಿ. ಸಾಕ್ಷ್ಯ ಸರಿಯಾಗಿ ದಾಖಲಿಸದೆ, ಕಾರಣ ಬರೆಯದೆ ಹೊರಡಿಸಿದ ಆದೇಶಗಳನ್ನು ಹೈಕೋರ್ಟ್ ರದ್ದು ಮಾಡಿ ಮರುವಿಚಾರಣೆಗೆ ಕಳಿಸುತ್ತ ಹೋಯಿತು. ಗದ್ದೆ ಸಿಕ್ಕಿತೆಂದು ಸಿಹಿ ಹಂಚಿದ ಮನೆಗಳು ಮತ್ತೆ ಹತ್ತು ಹದಿನೈದು ವರ್ಷ ಕೋರ್ಟು ಅಲೆದವು. ಕೊನೆಗೆ 1986ರಲ್ಲಿ ಮೇಲ್ಮನವಿ ಪ್ರಾಧಿಕಾರ ಎಂಬ ವ್ಯವಸ್ಥೆಯನ್ನೇ ತರಬೇಕಾಯಿತು. ಅರ್ಜಿ ಹಾಕುವ ಕೊನೆಯ ದಿನಾಂಕವನ್ನು ಮತ್ತೆ ಮತ್ತೆ ಮುಂದಕ್ಕೆ ಹಾಕಿ 1979ರ ಜೂನ್‌ವರೆಗೆ ತಂದಿದ್ದನ್ನೂ ಮರೆಯುವಂತಿಲ್ಲ; ಅಷ್ಟರಲ್ಲಿ ತುರ್ತು ಪರಿಸ್ಥಿತಿ ಹೋಗಿ ಎರಡು ವರ್ಷ ದಾಟಿತ್ತು. ರಾಜ್ಯದಲ್ಲಿ ಬಿದ್ದ ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳನ್ನು ಇಪ್ಪತ್ತೊಂದು ತಿಂಗಳ ಬಿಗಿ ಆಡಳಿತ ಮುಗಿಸಲಿಲ್ಲ, ಮುಗಿಸುವಂತೆಯೂ ಇರಲಿಲ್ಲ.

ಅದೇ ತಿಂಗಳುಗಳಲ್ಲಿ ಆ ಆಡಳಿತ ಇನ್ನೇನು ಮಾಡಿತು ಎಂಬುದೂ ಕರ್ನಾಟಕದ ಲೆಕ್ಕಕ್ಕೇ ಸೇರಬೇಕು. ಶಿವಮೊಗ್ಗವನ್ನು ಲೋಕಸಭೆಯಲ್ಲಿ ಪ್ರತಿನಿಧಿಸಿದ್ದ, ಅಲ್ಲಿ ಕನ್ನಡದಲ್ಲೇ ಮಾತಾಡಿದ್ದ ಸಮಾಜವಾದಿ ಜೆ.ಎಚ್. ಪಟೇಲರು ಜೈಲಿನಲ್ಲಿದ್ದರು. ಗೇಣಿದಾರನ ಪರವಾಗಿ ದನಿ ಎತ್ತಿದ ಚಳವಳಿಯವರನ್ನು ಒಳಗೆ ಹಾಕಿ, ಅದೇ ಚಳವಳಿಯ ಫಲವನ್ನು ಸರ್ಕಾರ ಹಂಚುತ್ತಿತ್ತು. ಬೆಂಗಳೂರಿನಲ್ಲಿ ಬಂಧನಕ್ಕೊಳಗಾದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಮೊದಲಾದವರ ಅರ್ಜಿಯನ್ನು ವಿಚಾರಣೆಗೆ ಎತ್ತಿಕೊಂಡ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಗಳಾದ ಚಂದ್ರಶೇಖರ್ ಮತ್ತು ಸದಾನಂದಸ್ವಾಮಿ 1976ರಲ್ಲಿ ದೂರದ ಅಲಹಾಬಾದ್, ಗುವಾಹಟಿಗೆ ವರ್ಗವಾದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಬಂಧಿತನಿಗೆ ಕೋರ್ಟಿನ ಬಾಗಿಲು ತಟ್ಟುವ ಹಕ್ಕಿಲ್ಲ ಎಂದು ನಾಲ್ಕು–ಒಂದರ ಬಹುಮತದಲ್ಲಿ ಹೇಳಿತು. ಭಿನ್ನಮತ ಬರೆದವರು ಎಚ್.ಆರ್. ಖನ್ನಾ ಒಬ್ಬರೇ. ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿಯವರನ್ನು ಉಬ್ಬಸದ ಕಾಯಿಲೆಯ ನಡುವೆಯೇ ತಿಂಗಳುಗಟ್ಟಲೆ ಬೆಂಗಳೂರು ಸೆರೆಮನೆಯಲ್ಲಿ ಇಡಲಾಯಿತು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟ ಕೆಲವೇ ದಿನಕ್ಕೆ ಅವರು ತೀರಿಕೊಂಡರು. ಭೂನ್ಯಾಯ ಮಂಡಳಿ ಕೆಲಸ ಮಾಡಲು ಇದ್ಯಾವುದೂ ಅಗತ್ಯವಿರಲಿಲ್ಲ.

ಬಿಗಿ ಆಡಳಿತವೇ ಭೂಮಿ ಕೊಡಿಸಿತು ಎಂಬುದನ್ನು ಪರೀಕ್ಷಿಸಲು ಇನ್ನೂ ಸುಲಭದ ದಾರಿಯಿದೆ. ತುರ್ತು ಪರಿಸ್ಥಿತಿ ಬಿಹಾರ, ಉತ್ತರ ಪ್ರದೇಶಗಳಲ್ಲೂ ಇತ್ತು, ಅಲ್ಲಿ ಇನ್ನೂ ಕ್ರೂರವಾಗಿಯೇ ಇತ್ತು. ಬಿಹಾರದಲ್ಲಿ ಪಾಲಿಗೆ ಉಳುವ ಬಟಾಯಿದಾರನಿಗೆ ಏನು ಸಿಕ್ಕಿತು? ಅತ್ತ ಕೇರಳದಲ್ಲಿ 1970ರ ಜನವರಿ 1ರಿಂದಲೇ ಗೇಣಿ ಪದ್ಧತಿ ರದ್ದಾಗಿ, ಕಾಸರಗೋಡಿನ ಕನ್ನಡ ಗೇಣಿದಾರರೂ ನಮ್ಮವರಿಗಿಂತ ನಾಲ್ಕು ವರ್ಷ ಮೊದಲೇ ಆ ಹಕ್ಕು ಪಡೆದಿದ್ದರು. ಪಶ್ಚಿಮ ಬಂಗಾಳದಲ್ಲಿ ಪಾಲಿಗೆ ಉಳುವ ಬರ್ಗಾದಾರರ ಹೆಸರು ದಾಖಲಿಸುವ ಕಾರ್ಯಾಚರಣೆ ಶುರುವಾಗಿದ್ದು 1978ರಲ್ಲಿ. ಒಂದು ಕಡೆ ತುರ್ತು ಪರಿಸ್ಥಿತಿಗೆ ಮೊದಲು, ಇನ್ನೊಂದು ಕಡೆ ಅದು ಮುಗಿದ ಮೇಲೆ. ಎರಡೂ ಕಡೆ ರೈತ ಚಳವಳಿ ಇತ್ತು. ಕರ್ನಾಟಕದೊಳಗೂ ಅರ್ಜಿಗಳು ದಟ್ಟವಾಗಿ ಬಿದ್ದಿದ್ದು ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗಗಳಲ್ಲಿ. ಗೇಣಿ ಹೆಚ್ಚಿದ್ದಿದ್ದೇ ಅಲ್ಲಿ ಎಂಬುದು ಒಂದು ಕಾರಣ, ಒಪ್ಪಬೇಕು. ಗೇಣಿದಾರರು ಸಂಘಟಿತರಾಗಿದ್ದಿದ್ದೂ ಅಲ್ಲೇ ಎಂಬುದು ಇನ್ನೊಂದು.

ಸರ್ವಾಧಿಕಾರದಲ್ಲೂ ಭೂಮಿ ಹಂಚಿಕೆಯಾಗಿದೆ ಎಂದು ತೈವಾನ್ ಹೆಸರು ಹೇಳುವವರಿಗೂ ಉತ್ತರ ಕೊಡಬೇಕು. ಅಲ್ಲಿ ಸೈನಿಕ ಕಾನೂನಿನಡಿಯೇ 1953ರಲ್ಲಿ ಉಳುವವನಿಗೆ ಭೂಮಿ ಹೋಯಿತು. ಪೆರುವಿನಲ್ಲಿ ಜನರಲ್ ವೆಲಾಸ್ಕೊ 1969ರಲ್ಲಿ ದೊಡ್ಡ ಎಸ್ಟೇಟುಗಳನ್ನು ಒಡೆದ. ಇವು ನಿಜ ಉದಾಹರಣೆಗಳೇ. ಆದರೆ ತೈವಾನನ್ನು ಆಳಿದವರು ಚೀನಾದಿಂದ ಓಡಿಬಂದವರು. ದ್ವೀಪದ ಭೂಮಾಲೀಕರು ಅವರಿಗೆ ನೆಂಟರೂ ಅಲ್ಲ, ಮತ ತಂದುಕೊಡುವವರೂ ಅಲ್ಲ. ಇಂದಿರಾ ಗಾಂಧಿಯವರ ಆಡಳಿತ ನಿಂತಿದ್ದು ಹಳ್ಳಿಹಳ್ಳಿಯ ದೊಡ್ಡ ಮನೆಗಳ ಮೇಲೆಯೇ. ಇನ್ನು ಚಿಲಿಯಲ್ಲಿ 1973ರಲ್ಲಿ ಬಂದ ಪಿನೋಶೆ, ಅಲ್ಲಿಯವರೆಗೆ ರೈತರಿಗಾಗಿ ವಶಪಡಿಸಿಕೊಂಡಿದ್ದ ಭೂಮಿಯ ಒಂದು ಪಾಲನ್ನು ಹಳೆಯ ಮಾಲೀಕರಿಗೆ ವಾಪಸು ಕೊಡಿಸಿದ. ಕೇಳುವವರಿಲ್ಲದ ಅಧಿಕಾರ ಯಾವ ಕಡೆಗೆ ವಾಲುತ್ತದೆ ಎಂಬುದು ಆಳುವವನ ಮರ್ಜಿ. ಅದು ನಮ್ಮ ಕಡೆಗೇ ವಾಲುತ್ತದೆ ಎಂದು ನಂಬುವುದು ಹೊಳೆಗೆ ಗದ್ದೆ ಒತ್ತೆ ಇಟ್ಟಂತೆ.

1977ರ ಮಾರ್ಚ್‌ನಲ್ಲಿ ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ ಬಂದವಲ್ಲ, ಜನ ತುರ್ತು ಪರಿಸ್ಥಿತಿಯನ್ನು ಒಪ್ಪಿದರೆಂದೇ ಅರ್ಥವಲ್ಲವೇ ಎಂದು ಕೇಳುವವರಿದ್ದಾರೆ. ಶಿವಮೊಗ್ಗದಲ್ಲಿ ಗೆದ್ದವರು 1952ರಲ್ಲಿ ಗೋಪಾಲಗೌಡರೆದುರು ಸೋತಿದ್ದ ಅದೇ ಬದರಿನಾರಾಯಣ. ಇತಿಹಾಸಕ್ಕೂ ತಮಾಷೆ ಗೊತ್ತಿದೆ. ಉತ್ತರದ ಹಳ್ಳಿಗಳಲ್ಲಿ ನಡೆದ ಬಲವಂತದ ಸಂತಾನಹರಣದ ಕಾವು ಇಲ್ಲಿ ಅಷ್ಟು ತಟ್ಟಿರಲಿಲ್ಲ; ಸೆನ್ಸಾರ್ ಇದ್ದುದರಿಂದ ಅದರ ಸುದ್ದಿಯೂ ಸರಿಯಾಗಿ ಮುಟ್ಟಿರಲಿಲ್ಲ. ಡಿಕ್ಲರೇಶನ್ ಹಾಕಿ ತೀರ್ಪಿಗೆ ಕಾಯುತ್ತಿದ್ದ ಮನೆ ಯಾರಿಗೆ ಮತ ಹಾಕೀತು ಎಂಬುದರಲ್ಲಿ ಗೂಢವೇನೂ ಇಲ್ಲ. ಅದು ಅರಸು ಸರ್ಕಾರದ ಕಾಯ್ದೆಗೆ ಬಿದ್ದ ಮತ. ತಮ್ಮ ಕಾಯ್ದೆಯನ್ನು ಕಾಪಾಡಿಕೊಳ್ಳಲು ಆ ಜನಕ್ಕೆ ಮತ್ತೆ ಚುನಾವಣೆಯೇ ಬೇಕಾಯಿತು ಎಂಬುದನ್ನು ಮಾತ್ರ ಈ ವಾದ ಮಾಡುವವರು ಗಮನಿಸುವುದಿಲ್ಲ.

ದಕ್ಷ ಆಡಳಿತದಿಂದ ರೈತನ ಉದ್ಧಾರ ಎಂಬ ಮಾತನ್ನು ಈ ಸೀಮೆ ಮೊದಲು ಕೇಳಿದ್ದು 1975ರಲ್ಲಲ್ಲ. 1830–31ರಲ್ಲಿ ನಗರ ಸೀಮೆಯ ರೈತರು ಕಂದಾಯದ ಸುಲಿಗೆಯ ವಿರುದ್ಧ ಕೂಟ ಕಟ್ಟಿ ದಂಗೆ ಎದ್ದರು. ದಂಗೆ ಅಡಗಿಸಿದ ಮೇಲೆ, ಅರಸರ ದುರಾಡಳಿತದಿಂದ ಪ್ರಜೆಗಳನ್ನು ಕಾಪಾಡುತ್ತೇವೆಂದು ಕಂಪನಿ ಸರ್ಕಾರ 1831ರಲ್ಲಿ ಮೈಸೂರನ್ನು ವಹಿಸಿಕೊಂಡಿತು, ಬಿಟ್ಟುಕೊಟ್ಟಿದ್ದು 1881ರಲ್ಲಿ. ಮಾರ್ಕ್ ಕಬ್ಬನ್ ಆಡಳಿತದಲ್ಲಿ ನೂರಾರು ಚಿಲ್ಲರೆ ತೆರಿಗೆಗಳು ರದ್ದಾದವು, ರಸ್ತೆಗಳಾದವು, ಲೆಕ್ಕಪತ್ರ ಸರಿಯಾಯಿತು. ದಂಗೆಯೆದ್ದ ರೈತನನ್ನು ಮಾತ್ರ ಆ ಐವತ್ತು ವರ್ಷ ಯಾರೂ ಏನೂ ಕೇಳಲಿಲ್ಲ. ಸರ್ಕಾರ ಲೆಕ್ಕ ಇಟ್ಟುಕೊಂಡಿದ್ದು ಕಂದಾಯ ಕಟ್ಟುವ ಖಾತೆದಾರನೊಡನೆ. ಅವನ ಕೆಳಗೆ ಗೇಣಿಗೆ ಉಳುವವನು ಅದರ ಕಣ್ಣಿಗೇ ಬೀಳಲಿಲ್ಲ. ಒಳ್ಳೆಯ ಆಡಳಿತವೆಂದು ಹೆಸರಾದ ಆ ಕಾಲ ಕಳೆದು ಏಳು ದಶಕವಾದ ಮೇಲೂ ಕಾಗೋಡಿನಲ್ಲಿ ಕೊಳಗ ದೊಡ್ಡದಾಗಿಯೇ ಇತ್ತು.

ಪ್ರಜಾಪ್ರಭುತ್ವದಲ್ಲೂ ಇಂಥದ್ದು ನಡೆದಿಲ್ಲವೇ, ಲಿಂಗನಮಕ್ಕಿ ಅಣೆಕಟ್ಟಿಗೆ ಊರು ಕೊಟ್ಟವರನ್ನು ಲಾರಿಯಲ್ಲಿ ತಂದು ಕಾಡಿನಲ್ಲಿ ಸುರಿದಿದ್ದು ಚುನಾಯಿತ ಸರ್ಕಾರವಲ್ಲವೇ ಎಂದು ಶರಾವತಿ ಮುಳುಗಡೆಯ ಮನೆಯವರು ಕೇಳಿದರೆ ತಲೆ ತಗ್ಗಿಸಬೇಕು. ಅರವತ್ತು ವರ್ಷವಾದರೂ ಅವರಲ್ಲಿ ಸಾವಿರಾರು ಕುಟುಂಬಗಳಿಗೆ ಹಕ್ಕುಪತ್ರವಿಲ್ಲ. ಮತ ಹಾಕಿದ ಮಾತ್ರಕ್ಕೆ ನ್ಯಾಯ ಸಿಗುತ್ತದೆಂದು ನಾನು ಹೇಳುತ್ತಿಲ್ಲ. ಕೇಳುವ ದನಿ ಇಲ್ಲದಾಗ, ಅಥವಾ ಇದ್ದೂ ಕ್ಷೀಣವಾಗಿದ್ದಾಗ, ಚುನಾಯಿತ ಸರ್ಕಾರವೂ ಹಾಗೇ ನಡೆದುಕೊಳ್ಳುತ್ತದೆ ಎಂಬುದಕ್ಕೆ ಮುಳುಗಡೆಯೇ ಸಾಕ್ಷಿ. ಇದಕ್ಕೆ ಈಚಿನ ಉದಾಹರಣೆಯೂ ಇದೆ: 2020ರ ಜುಲೈನಲ್ಲಿ, ಕೋವಿಡ್ ನಿರ್ಬಂಧದಿಂದ ಜನ ಗುಂಪು ಸೇರುವಂತಿಲ್ಲದ ಹೊತ್ತಿನಲ್ಲಿ, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ಅಡ್ಡಿಯಾಗಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಸುಗ್ರೀವಾಜ್ಞೆಯ ಮೂಲಕ ತೆಗೆಯಲಾಯಿತು. ಸದನದ ಒಪ್ಪಿಗೆ ಪೂರ್ತಿಯಾಗಿದ್ದು ಡಿಸೆಂಬರ್‌ನಲ್ಲಿ. ಕಲಮು ಬೇಕೋ ಬೇಡವೋ ಎಂಬುದರಲ್ಲಿ ಎರಡು ಅಭಿಪ್ರಾಯ ಇರಬಹುದು. ಆದರೆ ಸದನದ ಮುಂದೆ ಬಂದು ಚರ್ಚೆಯಾಗಿ 1974ರಲ್ಲಿ ಜಾರಿಯಾದ ಕಾಯ್ದೆಯನ್ನು ತಿದ್ದುವುದಕ್ಕೆ ಸದನ ಸೇರುವವರೆಗೂ ಕಾಯಲಾಗದಷ್ಟು ಅವಸರ ಏನಿತ್ತು ಎಂಬ ಪ್ರಶ್ನೆಗೆ ಅಂದಿನವರು ಉತ್ತರ ಕೊಡಲಿಲ್ಲ. ಅದನ್ನು ಟೀಕಿಸಿಯೇ ಅಧಿಕಾರಕ್ಕೆ ಬಂದವರು ಇನ್ನೂ ಅದನ್ನು ಹಿಂಪಡೆದಿಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮುಗಳಿಗೆ ಸೇರಿದ ಭೂನ್ಯಾಯ ಮಂಡಳಿಯ ಕಡತಗಳಲ್ಲಿ ಪ್ರತಿ ಅರ್ಜಿಯ ತಾರೀಖು, ಪ್ರತಿ ಸಾಕ್ಷಿಯ ಹೇಳಿಕೆ, ಆದೇಶದ ದಿನ ಇರಬೇಕು. ಯಾವ ಹಳ್ಳಿಯಿಂದ ಮೊದಲು ಅರ್ಜಿ ಬಂತು, ಅಲ್ಲಿ ರೈತ ಸಂಘವಿತ್ತೇ, ತೀರ್ಪು ತುರ್ತು ಪರಿಸ್ಥಿತಿಯ ಮೊದಲೋ ನಂತರವೋ, ಎಷ್ಟು ಮರುವಿಚಾರಣೆಗೆ ಬಂದವು ಎಂಬುದನ್ನು ಎಣಿಸಲು ಬೇರೆ ದಾಖಲೆ ಬೇಕಿಲ್ಲ. ಕಂದಾಯ ಇಲಾಖೆ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಕೆಲಸ ಹಮ್ಮಿಕೊಂಡಿದೆ. ಪಹಣಿ, ಸರ್ವೆ ನಕಾಶೆಗಳ ಜೊತೆಗೆ ಈ ಕಡತಗಳನ್ನೂ ಮೊದಲ ಸಾಲಿನಲ್ಲಿ ಸೇರಿಸಬೇಕು, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೆ ಓದಲು ತೆರೆದಿಡಬೇಕು. ಒಡೆಯನ ಎದುರು ಹೇಳಿಕೆ ಕೊಟ್ಟವರಿಗೆ ಈಗ ಎಂಬತ್ತರ ಮೇಲೆ ವಯಸ್ಸು, ಕಡತದಲ್ಲಿ ಬರೆಯದೆ ಬಿಟ್ಟಿದ್ದನ್ನು ಅವರ ಬಾಯಿಂದಲೇ ಬರೆದುಕೊಳ್ಳಬೇಕು. ವಿಶ್ವವಿದ್ಯಾಲಯ ಮುಂದಿನ ವರ್ಷದ ಬಜೆಟ್ಟಿಗೆ ಕಾಯುತ್ತ ಕೂರಬಾರದು.